ಎಂಬತ್ತೆಂಟು ಸೆಕೆಂಡು

ಕತ್ತಿಯ ಮೊನೆ ನನ್ನ ಬಲಗಿವಿಯ ಹಿಂದೆ ತಾಗಿತ್ತು. ತಣ್ಣಗೆ!

"ಅಲ್ಲಾಡ್ಬೇಡ ವಾಸಪ್ಪ. ಕಿವಿ ಹೋದ್ರೆ ನಿನ್ನ ಕಸುಬೇ ಹೋಯ್ತು."

ಬೆಳಗಿನ ಹತ್ತೂವರೆ. ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ವಿಡಿಯೋ ಅಂಗಡಿ. ಶಟರ್ ಅರ್ಧ ಇಳಿದಿತ್ತು. ಇಳಿಸಿದವನು ಉಮಾಮಹೇಶ್ವರ. ಶೆಟ್ಟಿಕೊಪ್ಪ ಕಡೆಯ ದೊಡ್ಡ ಜಮೀನುದಾರ. ಸೊಂಟದಲ್ಲಿ ತೋಟದ ಕತ್ತಿ ಸಿಕ್ಕಿಸಿಕೊಂಡು ಪೇಟೆಗೆ ಬಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಸ್ವಾಮಿ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಗೃಹಪ್ರವೇಶದ ಟೇಪ್ ಎಲ್ಲಿ?"

"ಯಾವ ಗೃಹಪ್ರವೇಶ?"

ಮೊನೆ ಕೊಂಚ ಒಳಗೆ ಹೋಯಿತು. ಕುತ್ತಿಗೆಗೆ ಬಿಸಿಯಾಗಿ ಏನೋ ಇಳಿಯಿತು.

"ನನ್ನ ತಂಗಿ ಮನೇದು ಮಾರಾಯ. ಎರಡು ತಿಂಗಳು ಆಗ್ಲಿಲ್ಲ, ಮರ್ತೇ ಹೋಯ್ತಾ?"

ಮರೆಯುವುದು ಹೇಗೆ? ನೀವೇ ಕೇಳಿ...

ಎರಡು ಸಾವಿರದ ಆರನೇ ಇಸವಿ, ಫೆಬ್ರವರಿ. ಮಧ್ಯಾಹ್ನದ ಪಂಕ್ತಿ ನಡೆಯುತ್ತಿತ್ತು. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಅದರ ಪಾಡಿಗೆ ಓಡಲು ಬಿಟ್ಟು, ಕೊನೆಯ ಎಲೆಗೆ ಊಟಕ್ಕೆ ಕೂತಿದ್ದೆ. ಆಗ ಮನೆಯ ಹಿಂದೆ ಕೋವಿಯ ಈಡು ಕೇಳಿಸಿತು. ಒಂದೇ ಈಡು!

ಗೊಬ್ಬರಗುಂಡಿಯ ಹತ್ತಿರ ಬೂತಪ್ಪ ಸತ್ತು ಬಿದ್ದಿದ್ದ. ಗಡಿಕಲ್ಲಿನ ಕೇಸಿನಲ್ಲಿ ಉಮಾಮಹೇಶ್ವರನ ವಿರುದ್ಧ ಸಾಕ್ಷಿ ಹೇಳಬೇಕಿದ್ದ ಬಡಪಾಯಿ. ಹೆಣದ ಪಕ್ಕ ಸಿಕ್ಕಿದವನು ಹಸೀಬ್. ಆ ಮನೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ತಂದಿದ್ದವನು. ಸದ್ದು ಕೇಳಿ ಎಲ್ಲರಿಗಿಂತ ಮೊದಲು ಓಡಿದ್ದೇ ಅವನ ತಪ್ಪು! ಹಿಂದಿನ ದಿನ ಬೂತಪ್ಪನ ಜೊತೆ ಬಾಯಿಗೆ ಬಾಯಿ ಹತ್ತಿದ್ದು ಬೇರೆ. ಕೋವಿ ಪಕ್ಕದ ಕೆರೆಯಲ್ಲಿ ಸಿಕ್ಕಿತು, ಲೈಸೆನ್ಸ್ ಇಲ್ಲದ್ದು. ಹಸೀಬ್ ಒಳಗೆ ಹೋದ.

ಉಮಾಮಹೇಶ್ವರನ ಮೇಲೂ ಅನುಮಾನ ಬಂತು. ಅವನು ನಕ್ಕ. ನಾನೇ ಮಾಡಿಕೊಟ್ಟ ವಿಸಿಡಿಯೊಂದನ್ನು ತನ್ನ ಕೈಯಾರೆ ಕೋರ್ಟಿಗೆ ಕೊಟ್ಟ. ಅದರಲ್ಲಿ ಈಡು ಕೇಳುವಾಗ ಅವನು ಎಲೆಯ ಮುಂದೆ ಕೂತು ಪಾಯಸ ಸವಿಯುತ್ತಿದ್ದಾನೆ! ಎಲ್ಲರೂ ನೋಡಿದ್ದು ಆ ಒಂದು ಕ್ಷಣವನ್ನಷ್ಟೇ, ಅದರ ಹಿಂದಿನದನ್ನಲ್ಲ.

ಪಂಕ್ತಿಯ ನಡುವೆ ಯಾರೂ ಏಳುವಂತಿಲ್ಲ. ಎದ್ದವನು ಅದೇ ಎಲೆಗೆ ಮತ್ತೆ ಕೂರುವಂತಿಲ್ಲ. ಉಮಾಮಹೇಶ್ವರ ಮಹಾ ಮಡಿಯ ಮನುಷ್ಯ. ಎದ್ದು ಹೋಗಿ, ಕೊಂದು, ಬಂದು ಮತ್ತೆ ಉಂಡ ಎಂದರೆ ಯಾರು ನಂಬುತ್ತಾರೆ? ಅಕ್ಕಪಕ್ಕ ಕೂತವರು ಅವನ ನೆಂಟರು. ನಾವು ನಮ್ಮ ಎಲೆ ನೋಡಿಕೊಂಡಿದ್ದೆವು ಎಂದುಬಿಟ್ಟರು.

ಮೂರು ದಿನದ ಹಿಂದೆ ಹಸೀಬನ ಹೆಂಡತಿ ಆಮಿನಾ ಅಂಗಡಿಗೆ ಬಂದಳು. ಕೂರಲಿಲ್ಲ. ಅಳಲೂ ಇಲ್ಲ.

"ಅಣ್ಣಾ, ಆ ಊಟದ ಭಾಗ ಒಂದ್ಸಲ ಸರಿಯಾಗಿ ನೋಡಿ. ನಮ್ಮೋರು ಒಂದು ಕೋಳಿ ಕೊಯ್ಯೋಕೂ ಕೈ ನಡುಗ್ಸ್ತಾರೆ."

ನೋಡಿದೆ. ಸೌಂಡಿಗೂ ಚಿತ್ರಕ್ಕೂ ತಾಳೆಯೇ ಇರಲಿಲ್ಲ...

ನನ್ನ ಕಂಪ್ಯೂಟರ್ ಹಳೆಯದು. ಟೇಪಿನಿಂದ ಫೈಲಿಗೆ ಇಳಿಸುವಾಗ ಏದುಸಿರು ಬಿಟ್ಟು ಚಿತ್ರವನ್ನು ಅಲ್ಲಲ್ಲಿ ನುಂಗಿಬಿಡುತ್ತದೆ. ಸೌಂಡನ್ನು ಮಾತ್ರ ನುಂಗುವುದಿಲ್ಲ. ಹಾಗಾಗಿ ಚಿತ್ರ ಮುಂದೆ ಓಡುತ್ತದೆ, ಸೌಂಡು ಹಿಂದೆ ಉಳಿಯುತ್ತದೆ. ಪೂಜೆ, ಹಾಡು ಇದ್ದರೆ ತುಟಿ ನೋಡಿ ಸರಿಮಾಡುತ್ತೇನೆ. ಊಟದ ಭಾಗವನ್ನು ನಮ್ಮ ಕಸುಬಿನವರು ಯಾರೂ ಮುಟ್ಟುವುದಿಲ್ಲ. ಅನ್ನ ಅನ್ನ, ಸಾರು ಸಾರು ಎನ್ನುವ ಗದ್ದಲದಲ್ಲಿ ತುಟಿ ಯಾರು ನೋಡುತ್ತಾರೆ? ನಾನೂ ಹಾಗೇ ಬಿಟ್ಟಿದ್ದೆ.

ಟೇಪು ಹಾಕಿ ನೋಡಿದೆ. ಎಂಬತ್ತೆಂಟು ಸೆಕೆಂಡು ವ್ಯತ್ಯಾಸ! ಟೇಪಿನಲ್ಲಿ ಈಡು ಕೇಳುವಾಗ ಅವನ ಎಲೆಯ ಮುಂದೆ ಯಾರೂ ಇರಲಿಲ್ಲ.

ಕೊಲೆಗಾರನಿಗೆ ರಕ್ಷೆ ಕಟ್ಟಿದವನು ನಾನು. ನನ್ನ ಸೋಮಾರಿತನ! ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ಸೌಂಡು ಸರಿಮಾಡಿದ ಹೊಸ ಸಿಡಿ ಸಿದ್ಧವಾಯಿತು. ನರಸಿಂಹರಾಜಪುರದಲ್ಲಿ ಹಸೀಬನ ವಕೀಲರು ಅನ್ನಪೂರ್ಣೇಶ್ವರಿ ಮೇಡಂ. ವಿಡಿಯೋವನ್ನು ಇನ್ನೊಮ್ಮೆ ನೋಡಬೇಕೆಂದು ಅರ್ಜಿ ಹಾಕಿದರು. ವಿಚಾರಣೆ ಇದೇ ದಿನ ಇತ್ತು. ಆ ಅರ್ಜಿಯ ಸುದ್ದಿ ಕೇಳಿಯೇ ಈ ಕತ್ತಿ ಕೊಪ್ಪಕ್ಕೆ ಬಂದದ್ದು...

"ಕಪಾಟಿನಲ್ಲಿದೆ," ಎಂದೆ.

ಅವನು ಕ್ಯಾಸೆಟ್ಟನ್ನು ಒಡೆದ. ಟೇಪನ್ನು ಮೊಳಗಟ್ಟಲೆ ಎಳೆದು ಕತ್ತರಿಸಿದ. ಆಮೇಲೆ ಕಂಪ್ಯೂಟರಿಗೆ ಕತ್ತಿ ಬೀಸಿದ. ಮೂರು ಏಟು!

"ಬೇರೆ ಕಾಪಿ?"

"ಇಲ್ಲ."

ಆ ಹೊತ್ತಿಗೇ ಫೋನು ಹೊಡೆದುಕೊಂಡಿತು. ಅವನೇ ಎತ್ತಿದ. ನರಸಿಂಹರಾಜಪುರದಲ್ಲಿ ಸಿಡಿಗೆ ಕಾಯುತ್ತಿದ್ದ ಆಮಿನಾಳ ದನಿ ನನಗೂ ಕೇಳಿಸಿತು.

"ಅಣ್ಣಾ, ಸಿಡಿ ಯಾವ ಬಸ್ಸಲ್ಲಿ ಕಳ್ಸಿದ್ರಿ? ಕಂಡಕ್ಟರ್ ಹತ್ರ ಎಂತ ಹೇಳಿ ಕೇಳ್ಬೇಕು?"

ನಮ್ಮ ಕಡೆ ಪಾರ್ಸೆಲ್ ಎಂದರೆ ಬಸ್ಸೇ. ಮದುವೆ ಆಲ್ಬಮ್ಮಿರಲಿ, ಕಷಾಯದ ಪುಡಿಯಿರಲಿ, ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. ಅವನಿಗದು ಗೊತ್ತಿಲ್ಲವೇ? ಫೋನು ಕೆಳಗಿಟ್ಟು ನಿಧಾನವಾಗಿ ನಕ್ಕ.

"ಹತ್ತೂಕಾಲಿನ ಬಸ್ಸು... ಅಲ್ವಾ ಮಾರಾಯ?"

ಶಟರ್ ಎತ್ತಿ ಹೊರಟ. ಜೀಪು ಗುಡುಗಿತು.

ಕಿವಿಗೆ ಕರ್ಚೀಫು ಕಟ್ಟಿ ಬೈಕು ಒದ್ದೆ. ನರಸಿಂಹರಾಜಪುರದ ರಸ್ತೆ ನೀವು ನೋಡಿದ್ದೀರಲ್ಲ? ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ತಿರುವು. ಮುಂದೆ ಜೀಪಿನ ಧೂಳು. ಹತ್ತಿರ ಹೋದೆ... ಅವನು ಬ್ರೇಕ್ ಹಾಕಿದ! ಬೈಕು ಚರಂಡಿಗೆ ಇಳಿಯಿತು. ಮೊಣಕಾಲು ಸೀಳಿತು. ಬೈಕನ್ನು ಎತ್ತಿ ಮತ್ತೆ ಒದ್ದೆ.

ತಲುಪುವಾಗ ತಡವಾಗಿತ್ತು.

ಜೀಪು ರಸ್ತೆಗೆ ಅಡ್ಡ ನಿಂತಿತ್ತು. ಅದರ ಮುಂದೆ ಬಸ್ಸು. ಕಂಡಕ್ಟರ್ ಪಾರ್ಸೆಲ್ ಕೊಟ್ಟ. ಉಮಾಮಹೇಶ್ವರ ಸಿಡಿಯನ್ನು ನೆಲಕ್ಕೆ ಹಾಕಿ ಹಿಮ್ಮಡಿಯಲ್ಲಿ ತುಳಿದ. ಬಸ್ಸಿನ ಕಿಟಕಿಗಳ ತುಂಬ ಮುಖಗಳು.

"ಈಗ ಹೋಗು. ಕೋರ್ಟಲ್ಲಿ ಎಂತ ತೋರಿಸ್ತೀಯ ತೋರ್ಸು!"

ಮಣ್ಣಿನಲ್ಲಿ ಸಿಡಿಯ ಚೂರುಗಳು ಹೊಳೆಯುತ್ತಿದ್ದವು. ಟೇಪಿಲ್ಲ, ಕಂಪ್ಯೂಟರಿಲ್ಲ, ಕಾಪಿಯಿಲ್ಲ. ಹಸೀಬನಿಗೆ ಜೀವಾವಧಿ ಗ್ಯಾರಂಟಿ ಅಂದುಕೊಂಡೆ. ಅಲ್ಲೇ ಕಲ್ಲಿನ ಮೇಲೆ ಕೂತೆ.

ಆಗ ಹೊಳೆಯಿತು. ಇವನು ಎಲ್ಲವನ್ನೂ ಹಾಳು ಮಾಡಿದ್ದಾನೆ. ಒಂದನ್ನು ಬಿಟ್ಟು!

ಕೋರ್ಟಿನ ಬಾಗಿಲಲ್ಲಿ ಅನ್ನಪೂರ್ಣೇಶ್ವರಿ ಮೇಡಂ ನನ್ನ ರಕ್ತ ನೋಡಿ ಬೆಚ್ಚಿದರು.

"ಸಿಡಿ ಎಲ್ಲಿ ವಾಸಪ್ಪ?"

"ಹೋಯ್ತು ಮೇಡಂ. ಅವನೇ ಕೋರ್ಟಿಗೆ ಕೊಟ್ಟದ್ದು ಇದ್ಯಲ್ಲ, ಅದನ್ನೇ ಕೇಳಿ. ಒಂದು ಕಂಪ್ಯೂಟರ್ ಕೊಡ್ಸಿ. ಸಾಕು."

ಎದುರಿನ ಸೈಬರ್ ಕೆಫೆಯಿಂದ ಕಂಪ್ಯೂಟರ್ ಬಂತು. ನನ್ನ ಸಾಫ್ಟ್‌ವೇರ್ ಸಿಡಿ ಬೈಕಿನ ಡಬ್ಬಿಯಲ್ಲೇ ಇತ್ತು. ಉಮಾಮಹೇಶ್ವರ ಮೊದಲ ಸಾಲಿನಲ್ಲಿ ಕಾಲು ಕುಣಿಸುತ್ತಾ ಕೂತಿದ್ದ.

ಮೊದಲು ಇದ್ದ ಹಾಗೇ ತೋರಿಸಿದೆ. ಪಂಕ್ತಿಯಲ್ಲಿ ಶ್ಲೋಕ ಹೇಳುವುದು ಅವನ ದೊಡ್ಡಸ್ತಿಕೆ. ಸೀಮೆಗೆಲ್ಲ ಗೊತ್ತಿರುವ ದನಿ. ಸ್ಪೀಕರಿನಲ್ಲಿ ಅವನ ಶ್ಲೋಕ ಗಂಟೆ ಹೊಡೆದಂತೆ ಕೇಳುತ್ತಿತ್ತು... ತೆರೆಯ ಮೇಲೆ ಅವನ ಬಾಯಿ ತುಂಬ ಅನ್ನ!

"ಈ ದನಿ ನಿಮ್ಮದೇನಾ?" ಜಡ್ಜು ಕೇಳಿದರು.

ಕಾಲು ಕುಣಿಸುವುದು ನಿಂತಿತು.

"ಹೌದು... ನಂದೇ."

ತಡವಾಗಿ ಬರುತ್ತಿದ್ದ ಸೌಂಡನ್ನು ಎಂಬತ್ತೆಂಟು ಸೆಕೆಂಡು ಬೇಗ ಬರುವಂತೆ ಮಾಡಿದೆ. ಮತ್ತೆ ಓಡಿಸಿದೆ. ಈಗ ಅವನ ತುಟಿ, ಅವನ ಶ್ಲೋಕ. ಕೊನೆಗೆ "ಹರ ಹರ ಮಹಾದೇವ!" ಎಂದು ಸಾಲಿನ ನಲವತ್ತು ಬಾಯಿ ಒಟ್ಟಿಗೆ ತೆರೆದವು, ಒಟ್ಟಿಗೆ ಮುಚ್ಚಿದವು. ಸರಿ ಕೂತಿದೆಯೇ ಎಂದು ಯಾರೂ ಕೇಳಬೇಕಾಗಲಿಲ್ಲ.

ಓಡುತ್ತಾ ಬಿಟ್ಟೆ. ಅವನು ಎದ್ದ. ಹೋದ. ಎಲೆ ಖಾಲಿ.

ಢಂ!

ತೆರೆಯ ಮೇಲೆ ಅವನು ಮರಳಿ ಬಂದ. ಪಂಚೆಗೆ ಕೈ ಒರೆಸಿಕೊಂಡ. ಅದೇ ಎಲೆಗೆ ಕೂತ. ಪಾಯಸ ಹಾಕಿಸಿಕೊಂಡ. ಹಿಂದೆ ಕೂತಿದ್ದ ಅವನ ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೊರಗೆ ನಡೆದಳು.

ಒಳಗೆ ಹೋದ ಎಪ್ಪತ್ತೊಂದನೇ ದಿನ ಹಸೀಬ್ ಹೊರಗೆ ಬಂದ. ಜೈಲಿನ ಗೇಟಿನಲ್ಲಿ ಆಮಿನಾ ಅವನ ಮುಖ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವನು ನನ್ನ ಕೈ ಹಿಡಿದುಕೊಂಡ. ನನಗೆ ತಡೆಯಲಾಗಲಿಲ್ಲ. ಸೌಂಡು ಸರಿಮಾಡದೆ ಬಿಟ್ಟವನು ನಾನೇ ಎಂದು ಎಲ್ಲ ಹೇಳಿಬಿಟ್ಟೆ.

ಅವನು ಕೈ ಬಿಟ್ಟ. ನನ್ನ ಕಿವಿಯ ಬ್ಯಾಂಡೇಜನ್ನು ನೋಡಿದ.

"ಮುಂದಿನ್ಸಲ ಊಟದ ಸೌಂಡೂ ಒಂಚೂರು ಕೇಳಿ ಮಾರಾಯ್ರೆ," ಎಂದ.