ಅವನ ನಂಬರಿಗೆ ಹೋದ ಒಟಿಪಿ

ನೀಲಾಂಬಿಕ ಮೊದಲ ಸಲ ಅಂಗಡಿಗೆ ಬಂದಾಗ ಮಲ್ಲಿಕಾರ್ಜುನ್ ಅವಳನ್ನು ಕರೆಂಟ್ ಆಫೀಸಿನವಳು ಅಂದುಕೊಂಡ. ಮೀಟರ್ ಬೋರ್ಡ್ ಮೆಟ್ಟಿಲ ಕೆಳಗಿದೆ ಎಂದು ಕೈ ತೋರಿಸಿದ. ತಲೆಗೆ ಟೋಪಿ, ಕೆಸರು ಮೆತ್ತಿದ ಬೂಟು, ಹೆಗಲಿಗೆ ಅಳತೆ ಟೇಪಿನ ಚೀಲ. ಅವಳು ಟೋಪಿ ತೆಗೆದು, ಒಂದೇ ಹುಬ್ಬು ಮೇಲೆತ್ತಿ ಅವನನ್ನು ನೋಡಿದಳು.

"ನಕ್ಷೆ ಪ್ರಿಂಟ್ ತಗೊಳ್ಳೋಕೆ ಬಂದೆ. ಸರ್ವೇಯರ್ ರೀ ನಾನು."

ಶಿಕಾರಿಪುರದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ದೊಡ್ಡ ಹಾಳೆಯ ಪ್ರಿಂಟರ್ ಅಲ್ಲಿತ್ತು. ಅವಳು ಸೊರಬದವಳು. ಈಸೂರು, ತಾಳಗುಂದದ ಕಡೆ ಹೊಲ ಅಳೆಯುವ ಕೆಲಸ ಬಂದಾಗಲೆಲ್ಲ ನಕ್ಷೆ ಹಿಡಿದು ಅವನ ಮೆಟ್ಟಿಲು ಹತ್ತತೊಡಗಿದಳು.

ಬರುಬರುತ್ತಾ ಪ್ರಿಂಟ್ ಮುಗಿದ ಮೇಲೂ ಅವಳು ಕೂರುತ್ತಿದ್ದಳು. ಅಣ್ಣತಮ್ಮಂದಿರು ಒಂದು ಮೊಳ ಬದುವಿಗೆ ಹೇಗೆ ಜಗಳವಾಡಿದರು, ಟೇಪು ಹಿಡಿದ ಹೆಣ್ಣನ್ನು ನೋಡಿ ಯಾವ ಅಜ್ಜ ಏನಂದ ಎಂದೆಲ್ಲ ಹೇಳುತ್ತಿದ್ದಳು. ಬಿಸಿಲಿಗೆ ಕಂದಿದ ಕೆನ್ನೆ, ಟೋಪಿಯ ಗೆರೆಯಿಂದ ಮೇಲೆ ಬೆಳ್ಳಗೆ ಉಳಿದ ಹಣೆ. ಅವನು ಆ ಗೆರೆಯನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಾಗುತ್ತಿತ್ತು.

"ಗಡಿ ಗುರುತು ಸರಿ ಇದೆಯಾ?" ಎಂದು ಒಮ್ಮೆ ಕೇಳಿಯೂ ಬಿಟ್ಟಳು.

"ಒತ್ತುವರಿ ಮಾಡೋ ಆಸೆ ಇದೆ ಮೇಡಂ."

ಅವಳು ಕಿಟಕಿ ಕಡೆ ಮುಖ ತಿರುಗಿಸಿದಳು. ಆದರೆ ನಗು ಅಡಗಿಸಲಿಲ್ಲ. ಅಂದಿನಿಂದ ಸೊರಬದ ಬಸ್ಸು ಬಂದ ಸದ್ದಿಗೆಲ್ಲ ಮಲ್ಲಿಕಾರ್ಜುನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಲ್ಲತೊಡಗಿತು.

ಅವಳ ಲ್ಯಾಪ್‌ಟಾಪ್ ಮಾತ್ರ ಮುದಿಯಾಗಿತ್ತು. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಹೊಸದು ತಗೊಳ್ಳಿ ಎಂದು ಅವನು ಹೇಳಿದಾಗಲೆಲ್ಲ ಅವಳು ಮಾತು ಬದಲಿಸುತ್ತಿದ್ದಳು. ಕೊನೆಗೆ ಅವನೇ ಒಂದು ದಾರಿ ಹೇಳಿದ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಸವೆದಿದೆ. ಅದನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕು, ಎಸ್ಎಸ್‌ಡಿ ಹಾಕಿದರೆ ಸಾಕು. ವಿಂಡೋಸು, ಅಳತೆಯ ಸಾಫ್ಟ್‌ವೇರು, ನಕ್ಷೆಗಳು, ಎಲ್ಲವನ್ನೂ ಇದ್ದ ಹಾಗೇ ಅದಕ್ಕೆ ಕಾಪಿ ಮಾಡಿಕೊಡುತ್ತೇನೆ. ಇದಕ್ಕೆ ಅವಳು ಒಪ್ಪಿದಳು. ಆದರೆ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ, ಮುಗಿಯುವ ತನಕ ಎದುರಿಗೇ ಕೂರುತ್ತೇನೆ ಅಂದಳು. ಅವನಿಗೆ ಬೇಕಾಗಿದ್ದೂ ಅದೇ.

ಆ ದಿನ ಅವಳು ಬೂಟು ಹಾಕಿರಲಿಲ್ಲ. ಹಸಿರು ಚೂಡಿದಾರ್, ಜಡೆಗೆ ಮೊಳ ಕನಕಾಂಬರ. ಅವನೂ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನೋಡದವರ ಹಾಗೆ ಕೆಲಸದ ಮಾತಿಗೆ ಇಳಿದರು.

ಕಾಪಿ ಶುರುವಾಯಿತು. ಪರದೆಯ ಮೇಲೆ ನೀಲಿ ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಅವನು ಮಂಡಕ್ಕಿ ಮೆಣಸಿನಕಾಯಿ ತರಿಸಿದ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಅವನು ನೀರಿನ ಲೋಟ ಕೊಟ್ಟಾಗ ಬೆರಳು ತಾಗಿತು. ಇಬ್ಬರೂ ಕೂಡಲೇ ಹಿಂದಕ್ಕೆ ಎಳೆಯಲಿಲ್ಲ.

"ನಿಮಗೆ ಒಂದು ಮಾತು ಹೇಳೋದಿತ್ತು," ಅಂದ.

"ಹೇಳ್ರಿ. ಸಂಜೆ ಬಸ್ಸಿನ ತನಕ ಇಲ್ಲೇ ಇರ್ತೀನಿ."

ಅಷ್ಟರಲ್ಲಿ ಕಾಪಿ ಮುಗಿದ ಸದ್ದಾಯಿತು. ಮೊದಲು ಲ್ಯಾಪ್‌ಟಾಪ್ ಚಕ್ಕನೆ ತೆರೆಯುವುದನ್ನು ತೋರಿಸಿ, ಅವಳು ಬೆರಗಾದಾಗ ಹೇಳಿದರಾಯಿತು ಎಂದು ಅವನು ತಡೆದುಕೊಂಡ. ಎಸ್ಎಸ್‌ಡಿ ಕೂಡಿಸಿ, ತಿರುಪು ಬಿಗಿದು, ಬಟನ್ ಒತ್ತಿದ.

ಲ್ಯಾಪ್‌ಟಾಪ್ ತೆರೆಯಲಿಲ್ಲ. ನೀಲಿ ಪರದೆ ಬಂದು ರಿಕವರಿ ಕೀ, ಅಂದರೆ ಬೀಗ ತೆಗೆಯುವ ಉದ್ದನೆಯ ಸಂಖ್ಯೆ ಕೇಳಿತು.

ಡಿಸ್ಕಿಗೆ ಬೀಗವಿತ್ತು. ಮೊದಲೇ ನೋಡಬೇಕಿತ್ತು, ಆ ದಿನ ಅವನ ಗಮನ ಪರದೆಯ ಮೇಲಿರಲಿಲ್ಲ. ಹಳೆಯ ಡಿಸ್ಕನ್ನೇ ಮತ್ತೆ ಹಾಕಿ ನೋಡಿದ. ಅದು ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಕೀ ಅವಳ ಅಕೌಂಟಿನಲ್ಲಿರುತ್ತದೆ ಎಂದು ಸಮಾಧಾನ ಹೇಳಿ, ಅಂಗಡಿಯ ಕಂಪ್ಯೂಟರಿನಲ್ಲಿ ಅಕೌಂಟ್ ತೆರೆದ. ಒಟಿಪಿ ಕಳಿಸಿದ್ದೇವೆ ಎಂದು ಬಂತು. ಅವಳ ಫೋನ್ ಸದ್ದು ಮಾಡಲಿಲ್ಲ.

ಪರದೆಯಲ್ಲಿ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ಅವಳು ಅದನ್ನೇ ನೋಡುತ್ತಾ ಕೂತಳು.

"ಇದು ನಂದಲ್ಲ."

"ಯಾರದ್ದು?"

"ಲ್ಯಾಪ್‌ಟಾಪ್ ಕೊಡಿಸಿದವರದ್ದು. ಅವರೇ ಎಲ್ಲ ಹಾಕಿಕೊಟ್ಟಿದ್ದು."

ಅವನು ಬೇರೆ ಉಪಾಯ ಹುಡುಕಿದ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬಹುದು. ಆದರೆ ಈಸೂರಿನ ಸುಬ್ಬಪ್ಪನ ಹೊಲದ ಅಳತೆ ಅದರಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ. ಮುದುಕ ವರ್ಷಗಟ್ಟಲೆ ಅಲೆದ ತಕರಾರು, ಮರುದಿನ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಅವಳು ಫೋನ್ ತೆಗೆದಳು. ಅಂಕಿಗಳನ್ನು ಹುಡುಕಲಿಲ್ಲ, ಬಾಯಿಪಾಠದಿಂದ ಒತ್ತಿದಳು. ಕೋಡ್ ಟೈಪ್ ಮಾಡಬೇಕಲ್ಲ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ನೀಲಾ?" ಎಂದಿತು ಆ ಕಡೆಯ ಗಂಡು ದನಿ. ಹಲೋ ಕೂಡ ಅನ್ನಲಿಲ್ಲ.

ಅವಳು ವಿಷಯ ಹೇಳಿದಳು. ಆ ಕಡೆಯವನು ಒಂದೊಂದೇ ಅಂಕಿ ಓದಿದ. ಅವಳು ಒತ್ತಿದಳು. ಅಲ್ಲಿಗೆ ಕೆಲಸ ಮುಗಿದಿತ್ತು.

"ಇನ್ನೂ ಅದೇ ಲ್ಯಾಪ್‌ಟಾಪ್ ಇಟ್ಕೊಂಡಿದೀಯಾ?"

"ಹೂಂ."

"ಊಟ ಆಯ್ತಾ?"

"ಹೂಂ."

ಆ ಎರಡು 'ಹೂಂ'ಗಳಲ್ಲಿದ್ದ ಮೆತ್ತನೆಯ ದನಿಯನ್ನು ಮಲ್ಲಿಕಾರ್ಜುನ್ ಅದುವರೆಗೆ ಕೇಳಿರಲಿಲ್ಲ. ತನ್ನ ಎದುರು ಕೂತು ನಕ್ಕ, ಕೆಣಕಿದ ಹೆಂಗಸು ಬೇರೆ, ಇವಳು ಬೇರೆ ಅನಿಸಿತು. ಆ ಕಡೆ ಮಗುವೊಂದು ಅಪ್ಪಾ ಎಂದು ಕರೆಯಿತು. ಇಡ್ತೀನಿ ಎಂದು ಅವನೇ ಫೋನ್ ಇಟ್ಟ.

ಮಲ್ಲಿಕಾರ್ಜುನ್ ಕೀ ತುಂಬಿದ. ಲ್ಯಾಪ್‌ಟಾಪ್ ರೆಪ್ಪೆ ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಸುಬ್ಬಪ್ಪನ ಹೊಲ ಇದ್ದಲ್ಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ.

ನಿಧಾನಕ್ಕೆ ಎಲ್ಲ ಹೇಳಿದಳು. ಅವನ ಹೆಸರು ಸಿದ್ಧಲಿಂಗೇಶ್. ಸರ್ವೇ ತರಬೇತಿಯಲ್ಲಿ ಜೊತೆಗಿದ್ದವನು. ಮದುವೆ ಅಂತಲೇ ಇಬ್ಬರ ಮನಸ್ಸಿನಲ್ಲೂ ಇತ್ತು. ಅವನ ತಾಯಿ ತನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತರಬೇಕೆಂದು ಊಟ ಬಿಟ್ಟು ಕೂತಾಗ, ಸ್ವಲ್ಪ ದಿನ ಕಾಯಿ ಎಂದ. ಕಾದಳು. ಅವನ ಮದುವೆ ಆದ ಸುದ್ದಿ ಬೇರೆಯವರಿಂದ ತಿಳಿಯಿತು. ಮರೆತಿದ್ದೇನೆ ಎಂದು ಮನೆಯವರಿಗೆ ಹೇಳಿದಳು, ತನಗೂ ಹೇಳಿಕೊಂಡಳು.

"ನೀವು ಏನು ಹೇಳಬೇಕಂತಿದ್ರಿ, ನನಗೆ ಗೊತ್ತು," ಅಂದಳು. "ಬೆಳಿಗ್ಗೆ ಬಸ್ ಹತ್ತುವಾಗ ಒಪ್ಪಿಕೊಳ್ಳಬೇಕು ಅಂತಲೇ ಹತ್ತಿದ್ದೆ."

"ಈಗ?"

"ಈಗ ಒಪ್ಪಿದರೆ ನಿಮಗೆ ಮೋಸ ಮಾಡಿದ ಹಾಗೆ. ನೀವೂ ಕೇಳಿಸಿಕೊಂಡ್ರಲ್ಲ."

"ನಾನು ಕಾಯ್ತೀನಿ."

"ಬೇಡ್ರಿ. ಕಾಯೋದು ಅಂದ್ರೆ ಏನು ಅಂತ ನನಗೆ ಗೊತ್ತಿದೆ. ಅದನ್ನ ಇನ್ನೊಬ್ಬರ ತಲೆಗೆ ಕಟ್ಟಲ್ಲ."

ಅಕೌಂಟಿಗೆ ನಿಮ್ಮ ನಂಬರ್ ಹಾಕಲಾ ಎಂದು ಅವನು ಕೇಳಿದ. ಅವಳು ಹಾಕಿ ಎಂದಳು. ಹಳೆಯ ನಂಬರ್ ತೆಗೆಯುವಾಗ ಬೇರೆ ಕಡೆ ನೋಡಿದಳು. ಅದು ಹೋದದ್ದಕ್ಕೆ ಅವನಿಗೆ ಎಳ್ಳಷ್ಟೂ ಖುಷಿಯಾಗಲಿಲ್ಲ.

ಆಮೇಲೆ ಅವಳು ಬರಲಿಲ್ಲ. ಸುಬ್ಬಪ್ಪನ ಬದು ಅವನದೇ ಎಂದು ತೀರ್ಮಾನವಾಯಿತಂತೆ. ಮುದುಕನೇ ಅಂಗಡಿಗೆ ಬಂದು ಹೇಳಿ, ಮೇಡಂ ಸಿಕ್ಕರೆ ಕೊಡಿ ಎಂದು ಬಾಳೆಗೊನೆ ಇಟ್ಟುಹೋದ. ಅದು ಅಂಗಡಿಯಲ್ಲೇ ಹಣ್ಣಾಗಿ, ಕಪ್ಪಾಯಿತು. ನಕ್ಷೆಗಳನ್ನು ಅವಳು ಶಿರಾಳಕೊಪ್ಪದಲ್ಲಿ ಪ್ರಿಂಟ್ ಮಾಡಿಸುತ್ತಾಳೆ ಎಂದು ಆಮೇಲೆ ತಿಳಿಯಿತು.

ಮಳೆ ಕಳೆದ ಮೇಲೆ ಒಂದು ಮಧ್ಯಾಹ್ನ, ಬ್ಯಾಂಕೊಂದರ ಕಂಪ್ಯೂಟರ್ ನೋಡಲು ಅವನು ಸೊರಬಕ್ಕೆ ಹೋದ. ವಾಪಸು ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಅವಳು ಎದುರಾದಳು. ಇನ್ನಷ್ಟು ಕಂದಿದ್ದಳು. ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿದೆ ಅಂದಳು. ಅವನು ಒಳ್ಳೆಯದಾಯಿತು ಅಂದ.

ಶಿಕಾರಿಪುರದ ಬಸ್ಸು ಬಂದು ನಿಂತಿತು.

"ಆವತ್ತು ಹೇಳಲಿಲ್ಲ," ಅಂದ ಅವನು. "ನಿಮ್ಮನ್ನ ಇಷ್ಟಪಟ್ಟಿದ್ದೆ. ಈಗಲೂ ಹಾಗೇ ಇದೆ. ಉತ್ತರ ಬೇಡ."

ಅವಳು ಅವನ ಮಣಿಕಟ್ಟು ಹಿಡಿದಳು. ಜನ ನೋಡುತ್ತಿದ್ದರೂ ಬಿಡಲಿಲ್ಲ. ಕಣ್ಣು ತುಂಬಿ ಬಂತು. ಕಂಡಕ್ಟರ್ ಸೀಟಿ ಊದಿದಾಗ ಅವಳೇ ಕೈ ಬಿಟ್ಟು, ಹತ್ತಿ ಎಂದು ಬಾಗಿಲ ಕಡೆ ತೋರಿಸಿದಳು.

ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ತಿರುವು ದಾಟಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ತನ್ನ ಊರಿನ ಹೆಸರು ಹೇಳುವ ಬದಲು ಅವನು ಕೈಯಿಂದ ಮುಂದಿನ ರಸ್ತೆ ತೋರಿಸಿದ.