ಕೊರಳ ಮೇಲೊಂದು ಬೆರಳು

"ಇನ್ಮೇಲೆ ನನ್ನನ್ನ ಭಾವ ಅಂತಾನೇ ಕರೀಬಹುದು ನೀನು," ಅಂದ ಕಂಡಕ್ಟರಮ್ಮನ ಅಣ್ಣ, ಐಸಿಯು ಹೊರಗಿನ ಬೆಂಚಿನಲ್ಲಿ ಜಾಗ ಮಾಡಿಕೊಡುತ್ತ.

ಡ್ರೈವರ್ ಕೂರಲಿಲ್ಲ. ಸ್ಟೇರಿಂಗ್ ತಿರುಗಿಸೋನಿಗೆ ತಂಗೀನ ಕೊಡಲ್ಲ ಅಂದಿದ್ದೂ ಇದೇ ಬಾಯಿ.

"ಈಗೇನು ಬದಲಾಯ್ತು?"

"ಕುತ್ತಿಗೆಗೆ ತೂತು ಬಿದ್ದವಳನ್ನ ಇನ್ಯಾರಪ್ಪ ಒಪ್ತಾರೆ? ನೀನೇ ದೊಡ್ಡ ಮನಸ್ಸು ಮಾಡು."

ಹೆಣ್ಣಿನ ಮೈಗೊಂದು ಗೀರು ಬಿದ್ದ ಕೂಡಲೇ ಬೆಲೆ ಇಳಿಸಿ ಮೂಟೆ ಕಟ್ಟುವ ಅಂಗಡಿಗೆ ಮನೆ ಅಂತ ಹೆಸರು! ಕಪಾಳಕ್ಕೆ ಬಿಡಬೇಕೆನಿಸಿತು ಅವನಿಗೆ. ಆದರೆ ಒಳಗೆಲ್ಲೋ ಒಂದು ಹಾಳು ಖುಷಿ ಬಾಲ ಅಲ್ಲಾಡಿಸಿತು. ನಿಂತಲ್ಲಿ ನಿಲ್ಲಲಾಗದೆ ಕಾರಿಡಾರಿನ ಈ ಗೋಡೆಯಿಂದ ಆ ಗೋಡೆಗೆ ಸುತ್ತತೊಡಗಿದ.

ಕಂಡಕ್ಟರಮ್ಮನ ದನಿಯನ್ನು ಬೆನ್ನಿಗೆ ಹೊತ್ತೇ ಬಸ್ಸು ಓಡಿಸಿದವನು. ಕನ್ನಡಿಯಲ್ಲಿ ಕಣ್ಣು ಸಿಕ್ಕರೆ, "ರಸ್ತೆ ನೋಡ್ರೀ ಡ್ರೈವರೇ, ನನ್ನ ಮುಖದಲ್ಲೇನು ಸಿಗ್ನಲ್ ಇದೆಯಾ?" ಅನ್ನುತ್ತಿದ್ದಳು.

ನ್ಯುಮೋನಿಯಾ ಅವಳ ಎದೆ ಹೊಕ್ಕಾಗ ಬಾಯೊಳಗೆ ನಳಿಕೆ ಇಳಿಸಿ, ತುಟಿಗೆ ಪ್ಲಾಸ್ಟರ್ ಬಿಗಿದು, ಔಷಧಿ ಕೊಟ್ಟು ಮಲಗಿಸಿದರು. ವೆಂಟಿಲೇಟರ್ ಬಿಡಿಸುವುದು ತಡವಾದಾಗ ಟ್ರಾಕಿಯಾಸ್ಟಮಿ ಮಾಡಿದರು: ಕೊರಳಲ್ಲೊಂದು ಸಣ್ಣ ರಂಧ್ರ, ಅದರಲ್ಲೊಂದು ಗಿಡ್ಡ ನಳಿಕೆ. ಕತ್ತು ಕೊಯ್ದುಬಿಟ್ಟರೆಂದು ಮನೆಯವರು ಗೋಳಾಡಿದರು. ಅವನು ಕಂಡಿದ್ದು ಮಾತ್ರ ಪ್ಲಾಸ್ಟರಿನಿಂದ ಬಿಡುಗಡೆಯಾದ ತುಟಿ. ಒಣಗಿ ಒಡೆದಿದ್ದರೂ ಅವನನ್ನು ಕಂಡೊಡನೆ ಒಂದು ಮೂಲೆ ಮೆಲ್ಲನೆ ವಾರೆಯಾಗಿತ್ತು.

ಈಗ ಯಂತ್ರದಿಂದ ಬಿಡಿಸಿದ್ದಾರೆ. ಉಸಿರಿದೆ, ದನಿಯಿಲ್ಲ.

"ಬನ್ನಿ, ಇವತ್ತು ಮಾತಾಡಿಸೋಣ," ನರ್ಸ್ ಕರೆದಳು. "ನಳಿಕೆ ಸುತ್ತ ಇದ್ದ ಬಲೂನಿನ ಗಾಳಿ ತೆಗೆದಿದೀವಿ. ಗ್ಲೌಸ್ ಹಾಕ್ಕೊಳ್ಳಿ. ಅವರು ಉಸಿರು ಎಳ್ಕೊಂಡ ಮೇಲೆ ನಳಿಕೆ ಬಾಯಿ ಮುಚ್ಚಿ, ಗಾಳಿ ಗಂಟಲಿಗೆ ಹತ್ತುತ್ತೆ. ಮಾತು ಮುಗಿದ ತಕ್ಷಣ ಬೆರಳು ತೆಗೀರಿ."

ಅವಳ ಉಸಿರು ಅವನ ಬೆರಳ ತುದಿಗೆ ಬಿಸಿಯಾಗಿ ತಾಗಿತು. ಮುಚ್ಚಿದ.

"ಹೊರಗೆ... ಏನು ಗುಸುಗುಸು?"

ಅವಳ ದನಿ! ಒರಟಾಗಿ, ಒದ್ದೆಯಾಗಿ, ಆದರೂ ಅವಳದೇ.

ಅವನು ಬೆರಳು ತೆಗೆದ. "ಏನಿಲ್ಲ. ನೀನು ಆರಾಮಾಗಿ ಮಲಕ್ಕೋ."

ಹುಬ್ಬು ಏರಿತು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರೆಲ್ಲ ಬಲ್ಲ ಹುಬ್ಬು ಅದು. ಅವನು ಎಲ್ಲ ಒದರಿಬಿಟ್ಟ.

"ನಿಮ್ಮಣ್ಣ ಒಪ್ಪಿದ. ಯಾಕೆ ಒಪ್ಪಿದ ಅಂತ ಗೊತ್ತಿದ್ದೂ ನಂಗೆ ಖುಷಿ ಆಯ್ತು ಕಣೆ. ಥೂ, ನನ್ನ ಜನ್ಮಕ್ಕಿಷ್ಟು!"

ಅವಳ ತುಟಿ ಪಟಪಟನೆ ಆಡಿತು, ಸದ್ದಿಲ್ಲ. ಸಹಾಯಕ್ಕೆಂದು ಅವನು ಮತ್ತೆ ಬೆರಳು ಚಾಚಿದ. ಅವಳು ಕೈಯನ್ನೇ ತಳ್ಳಿದಳು. ಸೂಜಿ ಚುಚ್ಚಿದ್ದ ತನ್ನ ಕೈಯನ್ನು ಎದೆಯ ಮೇಲೆ ಎಳೆದುಕೊಂಡು ಕೊರಳಿನತ್ತ ಹೊರಟಳು.

"ಸಿಸ್ಟರ್, ಏನೋ ಮಾಡ್ಕೋತಿದಾಳೆ!"

"ಅವರ ಗಂಟಲು, ಅವರೇ ಮುಚ್ಚಲಿ ಬಿಡಿ. ನಾನಿದೀನಲ್ಲ." ನರ್ಸ್ ಅವಳ ಬೆರಳು ಒರೆಸಿಕೊಟ್ಟಳು.

ಮೊದಲ ಸಲ ಜಾರಿತು, ಗಾಳಿ ಬುಸ್ಸೆಂದಿತು. ಮತ್ತೆ ಇಟ್ಟಳು. ಕೂತಿತು.

"ಅವನು ದಾನ ಕೊಡೋಕೆ... ನಾನೇನು ಮುರುಕು ಕುರ್ಚಿನಾ?" ಬೆರಳೆತ್ತಿ ಉಸಿರೆಳೆದಳು. "ನೀನೂ... ದೊಡ್ಡ ಮನಸ್ಸು ಮಾಡ್ಬೇಡ." ಇನ್ನೊಂದು ಉಸಿರು. ಕಣ್ಣು ಅವನ ಮುಖದಿಂದ ಕದಲಲಿಲ್ಲ. "ನಾನು ಕೇಳ್ತಿದೀನಿ. ನನ್ನ... ಮದುವೆ ಆಗ್ತೀಯಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಕೆಮ್ಮು ನುಗ್ಗಿತು. "ಕಫ ತೆಗೀಬೇಕು, ಹೊರಗಿರಿ," ನರ್ಸ್ ಪರದೆ ಎಳೆದೇಬಿಟ್ಟಳು.

ಆ ನೀಲಿ ಪರದೆಯ ಮುಂದೆ ಅವನು ಚಡಪಡಿಸಿದ. ಒಳಗೆ ಕೆಮ್ಮು, ಯಂತ್ರದ ಗೊರಗೊರ. ಉತ್ತರ ಕೊಡದೆ ಹೋಗುವುದು ಹೇಗೆ?

"ಆಗ್ತೀನಿ! ಕೇಳಿಸ್ತಾ? ಆಗ್ತೀನಿ ಅಂದೆ!"

"ಇದು ಐಸಿಯು ಕಣ್ರೀ, ಸಂತೆಯಲ್ಲ!"

ಪರದೆ ಒಂದಿಷ್ಟು ಸರಿಯಿತು. ಕೆಮ್ಮಿ ಕೆಂಪಾದ, ನೀರು ತುಂಬಿದ ಒಂದು ಕಣ್ಣು ಅವನನ್ನೇ ನೋಡಿ ನಿಧಾನವಾಗಿ ಮಿಟುಕಿತು.

ಅವನು ಹೊರಗೆ ಬರುತ್ತಲೇ ಅಣ್ಣ ಎದ್ದು ಬಂದ. "ಏನಪ್ಪಾ ಕೂಗಾಟ? ಒಪ್ಪಿದ್ಲಂತಾ?"

"ಅವಳು ಕೇಳಿದ್ಲು, ನಾನು ಒಪ್ಪಿದೆ," ಅಂದ ಡ್ರೈವರ್. "ನಿಮ್ಮನ್ನ ಯಾರೂ ಏನೂ ಕೇಳಿಲ್ಲ."