ವಾರಸುದಾರರಿಲ್ಲದ ಟ್ಯಾಂಕು

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಠಾಣೆಗೆ ದೂರು ಬಂತು. ತಂದವನು ರಾಕೆಟ್ ಕಂಪನಿಯ ಆಡಳಿತಾಧಿಕಾರಿ. ಕೂರಲೂ ತಾಳ್ಮೆಯಿರಲಿಲ್ಲ.

“ಗೆಸ್ಟ್ ಹೌಸ್ ಮುಂದೆ ನಿಲ್ಲಿಸಿದ್ದ ನನ್ನ ಕಾರು ಅಪ್ಪಚ್ಚಿ ಆಗಿದೆ. ಯಾರೋ ಅದರ ಮೇಲೆ ಟ್ಯಾಂಕು ತಂದು ಹಾಕಿದಾರೆ.”

“ನೀರಿನ ಟ್ಯಾಂಕಾ?” ಎಂದ ಹೆಡ್ ಕಾನ್‌ಸ್ಟೇಬಲ್.

“ರಾಕೆಟ್ಟಿಂದು. ಇಸ್ತ್ರಿ ಅಂಗಡೀಲಿ ಬಿದ್ದಿತ್ತಲ್ಲ, ಅದೇ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಆ ಟ್ಯಾಂಕು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ರಾಕೆಟ್ ಹಾರಿದ ಸ್ವಲ್ಪ ಹೊತ್ತಿಗೇ ಆಕಾಶದಲ್ಲಿ ಒಡೆದು, ಚೂರುಗಳು ಊರಿನ ಮೇಲೆ ಸುರಿದಿದ್ದವು. ಎತ್ತಿನಷ್ಟು ತೂಕದ ಈ ಟ್ಯಾಂಕು ಅಂಗಡಿಯ ತಗಡಿನ ಚಾವಣಿ ಸೀಳಿ, ಒಳಗೆ ಬಟ್ಟೆ ಮಡಿಸುತ್ತಿದ್ದ ಹೆಂಗಸನ್ನು ಕೊಂದಿತ್ತು. ಪಂಚನಾಮೆ ಬರೆದವಳು ಇವಳೇ. ‘ನಮ್ಮ ಚೂರುಗಳೆಲ್ಲ ಸಮುದ್ರಕ್ಕೇ ಬಿದ್ದಿವೆ, ಇದು ಯಾರದೋ’ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಮೇಲಿನವರು ‘ಅಸ್ವಾಭಾವಿಕ ಮರಣ’ ಎಂದು ಫೈಲು ಮುಚ್ಚಿಸಿದರು. ಆವತ್ತು ನುಂಗಿದ ಸಿಟ್ಟು ಅವಳಿಗಿನ್ನೂ ಅರಗಿರಲಿಲ್ಲ.

“ಕಾರಿಗೆ ಹಾನಿ ಅಂತ ಬರ್ಕೋತೀನಿ,” ಎಂದಳು.

“ಅಷ್ಟೇ ಸಾಲದು, ಕಳ್ಳತನಾನೂ ಸೇರಿಸಿ. ಟ್ಯಾಂಕು ಕಂಪನಿ ಸ್ವತ್ತು.”

“ಯಾವ ಕಂಪನಿ?”

“ನಮ್ಮದೇ ಕಣ್ರೀ! ಅದರ ಮೇಲೆ ನಮ್ಮ ನಂಬರೇ ಇದೆ.”

ಇನ್ಸ್‌ಪೆಕ್ಟರ್ ಒಂದು ಬಿಳಿ ಹಾಳೆ ಅವನ ಮುಂದೆ ಸರಿಸಿದಳು.

“ಹಾಗಂತ ನಿಮ್ಮ ಕೈಯಾರೆ ಬರೆದು ಸಹಿ ಹಾಕಿ.”

ಕಾರಿನ ಸಂಕಟದಲ್ಲಿದ್ದ ಮನುಷ್ಯ ಹಿಂದೆಮುಂದೆ ನೋಡದೆ ಬರೆದುಕೊಟ್ಟು ಹೋದ.

“ಕುಂಬಳಕಾಯಿ ಕಳ್ಳ ಅಂತ ನಾವು ಕೂಗೋಕ್ಕೂ ಮುಂಚೇನೇ ಹೆಗಲು ಮುಟ್ಕೊಂಡ್ರಲ್ಲ ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್.

ಅವಳು ನಗಲಿಲ್ಲ. “ಹಳೇ ಫೈಲು ತೆಗಿರಿ. ನಿರ್ಲಕ್ಷ್ಯದಿಂದ ಸಾವು ಅಂತ ಇನ್ನೊಂದು ಎಫ್‌ಐಆರ್ ಆಗ್ಬೇಕು. ಈಗ್ಲೇ.”

ಹತ್ತೂವರೆಗೆ ಗೆಸ್ಟ್ ಹೌಸ್ ಮುಂದೆ ಪಂಚನಾಮೆ ಶುರುವಾಯಿತು. ಕಾರಿನ ಚಾವಣಿ ಸೀಟಿಗೆ ಅಂಟಿಕೊಂಡಿತ್ತು. ಪಕ್ಕದ ಕಾರಿಗೆ ಒಂದು ಗೀರೂ ಆಗಿರಲಿಲ್ಲ. ಟ್ಯಾಂಕಿಗೆ ಮೆತ್ತಿದ ಮಸಿಯಲ್ಲಿ ಎತ್ತುವ ಬೆಲ್ಟು ಉಜ್ಜಿದ ಪಟ್ಟಿ ಹೊಳೆಯುತ್ತಿತ್ತು; ಇಷ್ಟು ದಿನ ಮಸಿಯಡಿ ಮುಚ್ಚಿದ್ದ ನಂಬರು ಅಲ್ಲೇ ಕಾಣುತ್ತಿತ್ತು. ಕಾಂಪೌಂಡಿನ ಹೊರಗೆ, ಮಣ್ಣಿನಲ್ಲಿ ಕ್ರೇನು ಕಾಲೂರಿದ ಗುಂಡಿಗಳಿದ್ದವು. ಗೋಡೆಯಾಚೆ ನಿಂತೇ ಇಳಿಸಿದ್ದರು.

“ನೀನೆಲ್ಲಿದ್ದೆ?” ಎಂದು ಕಾವಲುಗಾರನನ್ನು ಕೇಳಿದಳು.

“ಡ್ಯೂಟಿ ಬದಲಾಗೋ ಹೊತ್ತು ಮೇಡಂ. ಎರಡು ಸಲ ಹಾರ್ನ್ ಕೇಳಿಸ್ತು. ಹಾಲಿನ ವ್ಯಾನು ಅಂದ್ಕೊಂಡೆ.”

“ಇಷ್ಟು ನಾಜೂಕಾಗಿ ಇಳಿಸೋ ಕೈ ಈ ಊರಲ್ಲಿ ಒಂದೇ,” ಎಂದ ಹೆಡ್ ಕಾನ್‌ಸ್ಟೇಬಲ್ ಮುಂದೆ ಹೇಳಲು ಮನಸ್ಸು ಬಾರದೆ ಬೂಟು ನೋಡಿಕೊಂಡ.

ಅವಳಿಗೂ ಗೊತ್ತಿತ್ತು. ಉದ್ದ ಕತ್ತಿನ ಆ ಕ್ರೇನ್ ಡ್ರೈವರನ್ನು ಊರೆಲ್ಲ ಕರೆಯುವುದೇ ‘ಕೊಕ್ಕರೆ’ ಎಂದು. ಸತ್ತ ಇಸ್ತ್ರಿಯಾಕೆಯ ತಮ್ಮ ಅವನು.

ಹೊಸ ಕಟ್ಟಡವೊಂದರ ಬಳಿ, ತನ್ನ ಕ್ರೇನಿನ ನೆರಳಲ್ಲಿ ಕೂತಿದ್ದ. ಪೊಲೀಸರನ್ನು ಕಂಡು ಏಳಲೂ ಇಲ್ಲ.

“ನೀನೇನಾ?”

“ನಾನೇ.”

“ಯಾಕೆ?”

“ಯಾರದ್ದೂ ಅಲ್ಲ ಅಂದ್ರಲ್ಲ ಮೇಡಂ. ಯಾರದ್ದೂ ಅಲ್ದೇ ಇರೋದನ್ನ ಎಲ್ಲಿಟ್ರೇನು?”

“ಕಾರೊಳಗೆ ಯಾರಾದ್ರೂ ಇದ್ದಿದ್ರೆ?” ಅವಳ ದನಿ ಏರಿತು.

“ಗೋಡೆ ಹಾರಿ ಹೋಗಿ, ಕಿಟಕಿಗೆ ಮುಖ ಇಟ್ಟು ನೋಡ್ದೆ. ವಾಪಸ್ ಬಂದು ಎರಡು ಸಲ ಹಾರ್ನ್ ಹೊಡ್ದೆ. ಆಮೇಲೇ ಇಳಿಸಿದ್ದು.” ಅವನ ಕತ್ತಿನ ನರ ಉಬ್ಬಿತು. “ನಮ್ಮಕ್ಕನಿಗೆ ಯಾರು ಹಾರ್ನ್ ಹೊಡ್ದ್ರು?”

ಅವಳು ಕ್ರೇನಿನ ಕೀಲಿಗೆ ಕೈ ಚಾಚಿದಳು. ಮಧ್ಯಾಹ್ನ ಒಂದು ಗಂಟೆಗೆ ದಸ್ತಗಿರಿ ಮಾಡಿದಳು. ಕ್ರೇನು, ಬೆಲ್ಟು ಜಪ್ತಿಯಾದವು.

ಠಾಣೆಗೆ ಮರಳುವಷ್ಟರಲ್ಲಿ ಸಾಹೇಬರ ಫೋನು. “ಅದೇನಮ್ಮಾ, ಎರಡನೇ ಎಫ್‌ಐಆರು?”

“ಸಾವಿಂದು ಸರ್. ಟ್ಯಾಂಕು ತಮ್ಮದೇ ಅಂತ ಅವರೇ ಬರೆದುಕೊಟ್ಟಿದಾರೆ. ಎಫ್‌ಐಆರ್ ಪ್ರತಿ ಕೋರ್ಟಿಗೂ ಹೋಗಿದೆ. ಕಂಪನಿ ಸುರಕ್ಷತಾ ಮುಖ್ಯಸ್ಥರಿಗೆ ನಾಳೆ ಬರೋಕೆ ನೋಟಿಸು ಕೊಟ್ಟಿದೀನಿ.”

ಫೋನು ಕುಕ್ಕಿದ ಸದ್ದು ಹೆಡ್ ಕಾನ್‌ಸ್ಟೇಬಲ್ಲಿಗೂ ಕೇಳಿಸಿತು.

ಉಳಿದದ್ದು ಕೊಕ್ಕರೆಯ ಹೇಳಿಕೆಯಿಂದ ತಿಳಿಯಿತು. ಅವ್ವ ಹೋದಾಗ ಅವನಿನ್ನೂ ಚಿಕ್ಕವನು. ಅಕ್ಕನೇ ಇಸ್ತ್ರಿ ತಿಕ್ಕಿ ಸಾಕಿದ್ದಳು. ಟ್ಯಾಂಕಿನಡಿ ಅವಳ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು. ಕೆಲಸಕ್ಕೆ ಹೋಗುವಾಗ, ಬರುವಾಗ, ಅದರ ಹಿಮ್ಮಡಿ ಕಾಣುತ್ತಿತ್ತು. ಎತ್ತಿಸಿ ಎಂದು ಕಂಡ ಕಚೇರಿಗೆಲ್ಲ ಅಲೆದ. ಯಾರ ವಸ್ತುವೋ ಅವರೇ ಎತ್ತಬೇಕು ಎಂದರು. ಈ ಠಾಣೆಗೂ ಬಂದಿದ್ದ. ಸಾಕ್ಷ್ಯ, ಮುಟ್ಟಬೇಡ ಎಂದು ಕಳಿಸಿದವಳು ಇನ್ಸ್‌ಪೆಕ್ಟರೇ. ಎತ್ತುವುದೇ ಕಸುಬಾದವನು ನಾಲ್ಕು ತಿಂಗಳು ಕೈ ಕಟ್ಟಿಕೊಂಡಿದ್ದ.

ಅವನ ಊಟದ ಚೀಲದಿಂದ ಕಾನ್‌ಸ್ಟೇಬಲ್ ಒಂಟಿ ಚಪ್ಪಲಿಯೊಂದನ್ನು ತೆಗೆದ. ಚಪ್ಪಟೆಯಾಗಿತ್ತು, ಮಣ್ಣು ಒರೆಸಿತ್ತು.

“ಇದನ್ನೂ ಜಪ್ತಿ ಬರೀಲಾ ಮೇಡಂ?”

“ಬೇಡ,” ಎಂದಳು. “ಅದು ಅವರ ಮನೇದು. ಕೊಟ್ಬಿಡು.”